ತಮ್ಮನ ಹೆಸರಿನ ಉಸಿರು

ಮಾರ್ಚ್ ಹನ್ನೊಂದನೇ ತಾರೀಖು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ತಿದಿಯಕ್ಕ ತನ್ನ ತಮ್ಮನಿಗೆ ಸ್ನಾನ ಮಾಡಿಸಲು ಕೂತಳು. ಮುಗಿಯುವ ಹೊತ್ತಿಗೆ ಏಳೂಕಾಲು. ಇದ್ದದ್ದು ಅರ್ಧ ಬಕೆಟ್ ನೀರು. ಒಂದು ಚೊಂಬು ಸುರಿದರೆ ಅವನು ಕೈ ಎತ್ತಿ ತಡೆಯುತ್ತಿದ್ದ. ಉಸಿರು ಹದಕ್ಕೆ ಬಂದು ಕೈ ಇಳಿಸಿದ ಮೇಲೆ ಇನ್ನೊಂದು ಚೊಂಬು. ಮೂವತ್ತೆಂಟು ವರ್ಷದ ಗಂಡಸು. ಇಬ್ಬರು ಎತ್ತುವ ಚಪ್ಪಡಿಯನ್ನು ಒಬ್ಬನೇ ತಿರುಗಿಸಿ ನಿಲ್ಲಿಸುತ್ತಿದ್ದವನು. ಈಗ ಸೋಪು ಹಚ್ಚುವಾಗ ಅವನ ಪಕ್ಕೆಲುಬಿನ ಸಂದಿಗೆ ಅವಳ ಬೆರಳು ಇಳಿಯುತ್ತಿತ್ತು. ಒಂದೊಂದು ಉಸಿರಿಗೂ ಕತ್ತಿನ ಎರಡು ಬದಿ ಹಗ್ಗದಂತೆ ಬಿಗಿಯುತ್ತಿತ್ತು.

"ಇವತ್ತು ಊದೋ ದಿನ ಅಲ್ವಾ ಅಕ್ಕಾ" ಎಂದ. ಅಷ್ಟು ಹೇಳಲು ಎರಡು ಸಲ ನಿಂತ.

"ಹೌದು."

"ನನ್ನ ಹೆಸರೂ ಇದೆಯಂತೆ."

"ಇದೆ."

"ಇರಲಿ ಬಿಡು. ಅಲ್ಲಾದ್ರೂ ಗಟ್ಟಿಮುಟ್ಟಾಗಿದ್ದೀನಲ್ಲ."

ನಗಲು ಹೋದ. ನಗು ಕೆಮ್ಮಾಯಿತು. ಅವಳು ಬೆನ್ನಿಗೆ ಅಂಗೈ ಒತ್ತಿ ಹಿಡಿದು, ಅದು ಮುಗಿಯುವ ತನಕ ಗೋಡೆ ನೋಡುತ್ತ ಕೂತಳು. ಆಮೇಲೆ ಮೈ ಒರೆಸಿ, ಒಗೆದ ಅಂಗಿ ತೊಡಿಸಿ, ಗುಂಡಿ ತಾನೇ ಹಾಕಿದಳು.

"ಎಲ್ಲಿಗೆ" ಎಂದು ಕೇಳಿದ ತಮ್ಮ.

"ಶೆಡ್ಡಿಗೆ. ನಿನ್ನ ಹೆಸರಿರೋ ಕಡೆಗೆ."

ತಿದಿಯಕ್ಕ ಅನ್ನುವುದು ಅವಳ ಹೆಸರಲ್ಲ, ಶೆಡ್ಡಿನವರು ಇಟ್ಟದ್ದು. ಕಮ್ಮಾರನ ತಿದಿಯಂತೆ ಎದೆ ತುಂಬಿಕೊಳ್ಳುತ್ತಾಳೆ, ತಿದಿಯಂತೆಯೇ ಖಾಲಿ ಮಾಡುತ್ತಾಳೆ ಎಂದು. ಎತ್ತರದ ಹೆಂಗಸು, ಅಗಲ ಹೆಗಲು. ಊರಂಚಿನ ತಗಡಿನ ಶೆಡ್ಡಿನಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ಕೊಯ್ಯುತ್ತಾರೆ. ಅದು ಬೆಟ್ಟದ ಕಲ್ಲಲ್ಲ. ಬಿಳಿಕಲ್ಲನ್ನು ಪುಡಿ ಮಾಡಿ, ಅಂಟಿನಲ್ಲಿ ಕಲಸಿ, ಒತ್ತಿ ಮಾಡಿದ ಚಪ್ಪಡಿ. ನುಣುಪಾಗಿರುತ್ತದೆ, ಕಲೆ ಹಿಡಿಯುವುದಿಲ್ಲ. ಗಂಡಸರು ಕೊಯ್ಯುತ್ತಾರೆ. ಹೆಂಗಸರು ಅಂಚು ಉಜ್ಜುತ್ತಾರೆ, ಸಿಂಕು ಕೂರುವ ತೂತಿನೊಳಗೆ ಕೈಹಾಕಿ ನಯ ಮಾಡುತ್ತಾರೆ, ಒರೆಸುತ್ತಾರೆ, ಹೊರುತ್ತಾರೆ, ಗುಡಿಸುತ್ತಾರೆ. ಗುಡಿಸಿದ್ದು ಮತ್ತೆ ಏಳುತ್ತದೆ.

ಪ್ರತಿ ಬ್ಲೇಡಿಗೂ ನೀರಿನ ಪೈಪು ಇದೆ. ನೀರು ಬಿಟ್ಟರೆ ಪುಡಿ ಕೆಸರಾಗಿ ನೆಲಕ್ಕೆ ಬೀಳುತ್ತದೆ. ಆದರೆ ನೀರು ಬಿಟ್ಟರೆ ಪೆನ್ಸಿಲ್ ಗೆರೆ ಅಳಿಸುತ್ತದೆ, ಕಲ್ಲು ಒಣಗಲು ಹೊತ್ತು ಬೇಕು, ದಿನದ ಲೆಕ್ಕ ಹಿಂದೆ ಬೀಳುತ್ತದೆ. ಹಾಗಾಗಿ ನೀರಿನ ವಾಲ್ವಿಗೆ ಬೀಗ, ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ತನಿಖೆಯವರು ಬಂದ ದಿನ ನೀರು ಬರುತ್ತದೆ. ಉಳಿದ ದಿನ ಹಿಟ್ಟಿನ ಗಿರಣಿಯಂತೆ ಬಿಳಿ ಗಾಳಿ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಕೈ ಕೆಸರಾಗೋಕೆ ನೀರನ್ನೇ ಬಿಡಲ್ಲವಲ್ಲ" ಎಂದು ಮೂಲೆಮಾವ ಹೇಳುತ್ತಿದ್ದ. ಚಪ್ಪಡಿಯ ಮೂಲೆ ದುಂಡಗೆ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಐವತ್ತಾರು ವರ್ಷ. ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒಂದು ನಿಮಿಷ ಕೂರುತ್ತಾನೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ವರ್ಷಕ್ಕೊಂದು ಸಲ ಉಸಿರಿನ ಪರೀಕ್ಷೆ. ಪೆಟ್ಟಿಗೆಯಂಥ ಯಂತ್ರ, ಅದಕ್ಕೊಂದು ಕೊಳವೆ. ಎದೆ ತುಂಬ ಉಸಿರೆಳೆದು ಒಂದೇ ಸಲಕ್ಕೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬಂತು ಎಂದು ಯಂತ್ರ ತೋರಿಸುತ್ತದೆ. ಗಟ್ಟಿ ಆಳಾದರೆ ಮೂರು, ಮೂರೂವರೆ. ಮೊದಲ ವರ್ಷ ಎಲ್ಲರೂ ತಮ್ಮ ತಮ್ಮ ಉಸಿರನ್ನೇ ಊದಿದರು. ಇಬ್ಬರದು ಎರಡು ಲೀಟರೂ ದಾಟಲಿಲ್ಲ. "ವಿಶ್ರಾಂತಿ ತಗೊಳ್ಳಿ" ಎಂದರು ಅವರಿಗೆ. ಮಾರನೇ ದಿನ ಅವರ ಬ್ಲೇಡಿನ ಮುಂದೆ ಬೇರೆಯವರು ನಿಂತಿದ್ದರು. ವಿಶ್ರಾಂತಿ ಇನ್ನೂ ಮುಗಿದಿಲ್ಲ.

ಎರಡನೇ ವರ್ಷದಿಂದ ಶೆಡ್ಡಿನಲ್ಲಿ ಒಂದು ಪದ್ಧತಿ ಹುಟ್ಟಿತು. ಉಸಿರಿದ್ದವರು ಇಲ್ಲದವರ ಪರವಾಗಿ ಊದುವುದು. ಮೇಸ್ತ್ರಿಗೂ ಅದೇ ಬೇಕಿತ್ತು, ಹಳಬರು ಹೋದರೆ ಹೊಸಬರಿಗೆ ಕೆಲಸ ಕಲಿಸಬೇಕು. ಯಂತ್ರದವನು ಸ್ಟೋರ್ ರೂಮಿನ ಅಡ್ಡಹಲಗೆಯ ಆಚೆ ಕೂತು ಕಂಪ್ಯೂಟರ್ ಒತ್ತುತ್ತಿದ್ದ. ಕೊಳವೆ ಈಚೆ. ಮಧ್ಯಾಹ್ನದೊಳಗೆ ಅವನಿಗೆ ಮೂವತ್ನಾಲ್ಕು ಅಂಕಿ ಬೇಕು, ಮುಖ ಬೇಕಿಲ್ಲ. ಮೇಸ್ತ್ರಿ ಹೆಸರು ಕೂಗುತ್ತಾನೆ, ತಿದಿಯಕ್ಕ ಊದುತ್ತಾಳೆ. ಗಂಡಸಿನ ಹೆಸರು, ಹೆಂಗಸಿನ ಉಸಿರು. ಐದಾರು ಜನರದು ಮುಗಿದಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಯಾರೋ ಬೆಲ್ಲ ಕೊಡುತ್ತಿದ್ದರು, ಯಾರೋ ಕಾಲೊತ್ತುತ್ತಿದ್ದರು. ಆ ಒಂದು ದಿನ ಅವಳು ಶೆಡ್ಡಿನ ಮಹಾರಾಣಿ.

ಹೋದ ವರ್ಷ ತಮ್ಮನ ಹೆಸರಿನಲ್ಲೂ ಊದಿದಳು. ಮೂರು ದಶಾಂಶ ಒಂದು. ಇಬ್ಬರೂ ಮನೆಗೆ ಬಂದು ನಕ್ಕಿದ್ದರು.

ಎಂಟು ತಿಂಗಳಿಗೆ ತಮ್ಮ ಮೆಟ್ಟಿಲು ಹತ್ತಲಾರದೆ ಶೆಡ್ಡಿನ ಬಾಗಿಲಲ್ಲೇ ಕೂತ. ದೊಡ್ಡಾಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು, ಕಲ್ಲುಪುಡಿ ಕೂತಿದೆ, ಇದು ವಾಪಸು ಹೋಗುವ ಕಾಯಿಲೆಯಲ್ಲ ಎಂದರು. ತಿದಿಯಕ್ಕ ಕಾರ್ಮಿಕರ ಪರಿಹಾರ ಕೊಡುವ ಕಚೇರಿಗೆ ಅಲೆದಳು. ಅಲ್ಲಿ ಮಾಲೀಕರ ಕಡೆಯ ಡಾಕ್ಟರು ಮೊದಲೇ ಉತ್ತರ ಕೊಟ್ಟಿದ್ದರು. ಹೋದ ವರ್ಷ ಈತನ ಉಸಿರು ಮೂರು ದಶಾಂಶ ಒಂದು, ಅಂದರೆ ಕೆಲಸದಿಂದ ಏನೂ ಆಗಿಲ್ಲ. ಈತನ ತಂದೆಯೂ ಕೆಮ್ಮಿಯೇ ಸತ್ತಿದ್ದಾನೆ, ಅಂದರೆ ಇದು ಮನೆತನದ ರೋಗ, ಹುಟ್ಟಿನಿಂದ ಬಂದ ದುರ್ಬಲ ಶ್ವಾಸಕೋಶ.

"ನಮ್ಮಪ್ಪ ಕ್ವಾರಿಯಲ್ಲಿ ಕಲ್ಲು ಒಡೀತಿದ್ದ ಸ್ವಾಮಿ" ಎಂದಳು ತಿದಿಯಕ್ಕ.

"ಅದನ್ನೇ ನಾನೂ ಹೇಳ್ತಿರೋದು. ಅಪ್ಪನಿಂದ ಬಂದಿದೆ" ಎಂದ ಗುಮಾಸ್ತ.

"ಅಪ್ಪನಿಂದ ಬಂದಿದ್ದು ಸುತ್ತಿಗೆ ಸ್ವಾಮಿ."

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ನಿಮ್ಮ ತಮ್ಮನ ಉಸಿರಿನ ಅಂಕಿ ಚೆನ್ನಾಗಿದೆಯಲ್ಲಮ್ಮ. ಅಂಕಿಗೆ ನಾನೇನು ಮಾಡಲಿ? ಮುಂದಿನ ತಿಂಗಳು ಮತ್ತೊಂದು ವಿಚಾರಣೆ ಇದೆ. ಈ ವರ್ಷದ ಪರೀಕ್ಷೆ ತರೋಕೆ ಹೇಳಿದ್ದಾರೆ."

ಕೋಲು ಕೊಟ್ಟು ಹೊಡೆಸಿಕೊಂಡಂತೆ ಆಯಿತು. ಆ ದಿನ ಬಸ್ಸಿಗೆ ಕಾಯುತ್ತ ನಿಂತವಳಿಗೆ ಅಳು ಬರಲಿಲ್ಲ. ಕಾಲು ನೋಯುತ್ತಿತ್ತು. ಒಂದು ಕಲ್ಲಿನ ಮೇಲೆ ಕೂತಳು, ಎರಡು ಬಸ್ಸು ಹೋದವು. ಎದ್ದು ಕೈ ಮಾಡುವುದೂ ದೊಡ್ಡ ಕೆಲಸ ಅನ್ನಿಸಿತ್ತು.

ಅದಾಗಿ ಒಂದು ವಾರಕ್ಕೆ ಬ್ರಷ್ ಮೇಡಂ ಅವಳ ಕೋಣೆ ಹುಡುಕಿಕೊಂಡು ಬಂದರು.

ಅವರು ಕಾಲೇಜಿನಲ್ಲಿ ಸಂಶೋಧನೆ ಮಾಡುವವರು. ಹೋದ ವರ್ಷ ಶೆಡ್ಡಿಗೆ ಬಂದು, ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ಪೊಟ್ಟಣ ಕೊಟ್ಟಿದ್ದರು. ಅದರೊಳಗೆ ಒಂದು ಸಣ್ಣ ಬ್ರಷ್ಷು, ನೀರಿನಂಥ ಔಷಧಿಯಿರುವ ಒಂದು ಟ್ಯೂಬು. ಮನೆಗೆ ಹೋಗಿ ಮೂಗಿನೊಳಗೆ ಬ್ರಷ್ಷಿನಿಂದ ಉಜ್ಜಿ, ಟ್ಯೂಬಿನಲ್ಲಿ ಅದ್ದಿ, ಮುಚ್ಚಿ, ಮಾರನೇ ದಿನ ಡಬ್ಬಕ್ಕೆ ಹಾಕಬೇಕು. ಯಾರಿಗೂ ತೋರಿಸುವುದಿಲ್ಲ ಎಂದು ಮೇಡಂ ಹೇಳಿದ್ದರು. ಯಾರೂ ನಂಬಲಿಲ್ಲ. ಊದಿದ್ದಕ್ಕೇ ಕೆಲಸ ಹೋಗಿತ್ತು, ಮೂಗಿನಿಂದ ಹೋಗದೇ ಇರುತ್ತದೆಯೇ? ಅವತ್ತು ಸಂಜೆ ಹನ್ನೊಂದು ಜನ ತಮ್ಮ ಪೊಟ್ಟಣ ಹಿಡಿದು ತಿದಿಯಕ್ಕನ ಕೋಣೆಗೆ ಬಂದರು. ತನ್ನದೂ ಸೇರಿ ಹನ್ನೆರಡು ಬ್ರಷ್ಷು. ಎಡಮೂಗು, ಬಲಮೂಗು, ಎಡಮೂಗು. ಏಳನೆಯದಕ್ಕೆ ರಕ್ತ ಬಂತು. "ಸ್ವಲ್ಪ ತಡಿ, ನನ್ನದಕ್ಕೆ ರಕ್ತ ಬೇಡ, ನಂಗೆ ಅಶುಭ" ಎಂದು ಮೂಲೆಮಾವ ಹೇಳಿ ಎಲ್ಲರನ್ನೂ ನಗಿಸಿದ್ದ.

ಈಗ ಮೇಡಂ ಚಾಪೆಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದರು. ಬೈಯಲು ಬಂದವರ ಮುಖ ಅಲ್ಲ. ನಿದ್ದೆಗೆಟ್ಟ ಮುಖ.

"ಒಂದು ಮಾತು ಕೇಳ್ತೀನಿ ಅಕ್ಕಾ. ಗಂಡಸರ ಹೆಸರಿರೋ ಒಂಬತ್ತು ಟ್ಯೂಬಿನಲ್ಲಿ ಹೆಂಗಸಿನ ಜೀವಕಣ ಇದೆ. ಮೊದಲು ನಮ್ಮದೇ ತಪ್ಪು ಅಂದ್ಕೊಂಡೆ. ನನ್ನ ವಿದ್ಯಾರ್ಥಿಗೆ ಬೈದೆ. ಆಮೇಲೆ ನೋಡಿದ್ರೆ ಹನ್ನೆರಡು ಟ್ಯೂಬೂ ಒಬ್ಬರದೇ."

"ಹುಡುಗನಿಗೆ ಬೈಬೇಡಿ" ಎಂದಳು ತಿದಿಯಕ್ಕ. "ನಂದೇ."

"ನಿಮ್ಮ ತಮ್ಮನದು?"

"ಅದೂ ನಂದೇ."

ಎರಡು ವರ್ಷದ ಕೆಲಸ ಹಾಳಾಯಿತು ಎಂದರು ಮೇಡಂ. ದನಿಯಲ್ಲಿ ಕೋಪವೂ ಇತ್ತು. ತಿದಿಯಕ್ಕ ಲೋಟಕ್ಕೆ ನೀರು ತಂದಿಟ್ಟಳು. "ನೀವು ಮೊದಲೇ ಕೇಳಿದ್ರೆ ನಾವೂ ಹೇಳ್ತಿದ್ವೇನೋ. ಇಲ್ಲ, ಹೇಳ್ತಿರಲಿಲ್ಲ. ಸುಳ್ಳು ಯಾಕೆ" ಎಂದಳು. ಇಬ್ಬರಿಗೂ ಸ್ವಲ್ಪ ನಗು ಬಂತು.

ಗುಮಾಸ್ತ ಹೇಳಿದ್ದನ್ನು ತಿದಿಯಕ್ಕ ಹೇಳಿದಳು. ಮನೆತನದ ರೋಗ. ಹುಟ್ಟಿನಿಂದ ಬಂದದ್ದು.

ಮೇಡಂ ನೀರಿನ ಲೋಟ ಕೆಳಗಿಟ್ಟರು. ಹುಟ್ಟಿನಿಂದ ಬರುವುದು ವಂಶವಾಹಿಗಳು ಎಂದರು. ಅವು ಒಂದೊಂದು ಜೀವಕಣದಲ್ಲೂ ಸಾವಿರಾರು ಇವೆ, ಸಾಯುವ ತನಕ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಕೆಲವರಿಗೆ ಹುಟ್ಟಿನಿಂದ ಶ್ವಾಸಕೋಶ ದುರ್ಬಲ ಇರುವುದೂ ಸುಳ್ಳಲ್ಲ. ಆದರೆ ಎಲ್ಲ ವಂಶವಾಹಿಗಳೂ ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ. ಯಾವುದು ಏಳಬೇಕು, ಯಾವುದು ಮಲಗಬೇಕು ಎನ್ನುವುದರಲ್ಲಿ ನಾವು ಸೇದುವ ಗಾಳಿಗೂ ಪಾಲಿದೆ. ಒಳ್ಳೆಯ ಗಾಳಿಯಲ್ಲಿ ಉಸಿರ್ನಾಳದ ಒಳಪದರದಲ್ಲಿ ಸಣ್ಣ ಸಣ್ಣ ಕೂದಲು ಬೆಳೆಯುತ್ತವೆ, ಕಸ ಗುಡಿಸುತ್ತವೆ, ಗಾಯ ಮಾಯುತ್ತದೆ. ದಿನಾ ಪುಡಿ ಹೋದರೆ ಆ ಕೆಲಸಗಳು ಹಿಂದೆ ಬೀಳುತ್ತವೆ. ಬೇರೆ ವಂಶವಾಹಿಗಳು ಏಳುತ್ತವೆ. ಲೋಳೆ ಸುರಿಸು, ಬಾವು ಬರಿಸು, ಹೊಡೆದಾಡು ಎನ್ನುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಒಳಗೆ ಗಾಯದ ಕಲೆ ಗಟ್ಟಿಯಾಗುತ್ತದೆ.

ತಿದಿಯಕ್ಕ ಯೋಚಿಸಿದಳು. "ಮನೆಯವರೆಲ್ಲ ದೊಣ್ಣೆ ಹಿಡ್ಕೊಂಡು ಬಾಗಿಲು ಕಾಯೋಕೆ ನಿಂತಂಗೆ. ಒಳಗೆ ಒಲೆ ಹಚ್ಚೋರಿಲ್ಲ."

"ಹೆಚ್ಚುಕಡಿಮೆ ಹಾಗೇ."

"ಜನ ಅವರೇ."

"ಜನ ಅವರೇ. ಅದೇ ಮುಖ್ಯ."

ಮೇಡಂ ಎದ್ದು ಹೊರಡುವ ಮೊದಲು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಇನ್ನೊಂದು ಹೇಳಬೇಕು. ಹೇಳಬೇಕೋ ಬೇಡವೋ ಅಂತಾನೇ ಒಂದು ವಾರ ಯೋಚನೆ ಮಾಡಿದೆ. ನಿಮ್ಮ ಉಸಿರು ಯಂತ್ರದಲ್ಲಿ ಇನ್ನೂ ಚೆನ್ನಾಗಿದೆ. ಆದರೆ ನಿಮ್ಮ ಮೂಗಿನ ಕಣಗಳು ಚೆನ್ನಾಗಿರೋರ ಕಣದ ತರ ಇಲ್ಲ. ಕಾಯಿಲೆಯವರ ಕಣದಲ್ಲಿ ಏಳೋ ವಂಶವಾಹಿಗಳೇ ನಿಮ್ಮಲ್ಲೂ ಎದ್ದಿವೆ. ಹಾಗಂತ ನಿಮಗೆ ಬಂದೇ ಬರುತ್ತೆ ಅಂತ ನಾನು ಹೇಳಲಾರೆ. ಹೇಳೋಕೆ ಎಲ್ಲರದೂ ಬೇಕು. ಅವರವರದೇ ಮೂಗು, ಅವರವರದೇ ಉಸಿರು."

"ನನ್ನ ತಮ್ಮನಿಗೆ ಅದರಿಂದ ಉಪಯೋಗ ಇದೆಯಾ?"

"ನನ್ನ ಕೆಲಸ ಮುಗಿಯೋಕೆ ಇನ್ನೂ ಎರಡು ವರ್ಷ ಬೇಕು."

ತಿದಿಯಕ್ಕ ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಅವತ್ತಿನಿಂದ ಅವಳು ಉಸಿರಾಡುವುದನ್ನು ಕೇಳಿಸಿಕೊಳ್ಳತೊಡಗಿದಳು. ಪಾತ್ರೆ ಉಜ್ಜುವಾಗ, ಬಸ್ಸಿನಲ್ಲಿ, ಗ್ರೈಂಡರ್ ಆರಿಸಿದ ಮೇಲೆ. ಏನೂ ಕೇಳಿಸುತ್ತಿರಲಿಲ್ಲ. ತಮ್ಮನಿಗೂ ಮೊದಲು ಏನೂ ಕೇಳಿಸಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಶೆಡ್ಡಿನವರಿಗೆ ಹೇಳಿದ್ದಳು, ನಾಳೆ ನಾನು ಯಾರ ಹೆಸರಿಗೂ ಊದುವುದಿಲ್ಲ ಎಂದು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ತುತ್ತು ಅಲ್ಲಲ್ಲೇ ನಿಂತಿತು.

"ನಿನ್ನ ತಮ್ಮನ ಅನ್ನ ಹೋಯ್ತು ಅಂತ ನಮ್ಮ ಅನ್ನಕ್ಕೂ ಕಲ್ಲು ಹಾಕ್ತೀಯಾ?" ಎಂದಳು ಅವಳ ಜೊತೆ ಅಂಚು ಉಜ್ಜುವವಳು.

"ಹಾಕಿದ್ದಾರೆ. ನಾವು ಅಗೀತಾ ಇದ್ದೀವಿ."

"ಮಾತು ಚೆನ್ನಾಗಿದೆ. ನನ್ನ ಗಂಡ ನಾಳೆ ಎಷ್ಟು ಊದ್ತಾನೆ ಗೊತ್ತಾ ನಿಂಗೆ?"

"ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಅದೇ ತಾನೇ ಆಗಿರೋದು."

"ಎಷ್ಟಾದ್ರೆ ನಿಂಗೇನು? ಕೆಲಸ ಹೋದ್ರೆ ನೀನು ಕೊಡ್ತೀಯಾ?"

"ನನಗೆ ಸಾಕಾಗಿದೆ" ಎಂದಳು ತಿದಿಯಕ್ಕ. "ಊದಿ ಊದಿ ಸಾಕಾಗಿದೆ."

ಮೂಲೆಮಾವ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟು, ತನ್ನ ಒಂದು ನಿಮಿಷ ಕೂತಿದ್ದ.

ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದಿಂದ ಶೆಡ್ಡಿನ ತನಕ ತಮ್ಮ ನಡೆಯಲಾರದೆ ಹೋದ. ತಿದಿಯಕ್ಕ ಗೇಟಿನ ಹತ್ತಿರದಿಂದ ಚಪ್ಪಡಿ ಸಾಗಿಸುವ ಕೈಗಾಡಿ ತಂದಳು. ಚಕ್ರಕ್ಕೆ ರಬ್ಬರು ಸವೆದಿತ್ತು. ತಮ್ಮ ಅದರ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತ. ಎಷ್ಟೋ ಸಲ ಅವನೇ ತಳ್ಳಿದ ಗಾಡಿ.

"ಮೆಲ್ಲಗೆ. ಒಡೆದ್ರೆ ನಿನ್ನ ಸಂಬಳದಲ್ಲಿ ಹಿಡೀತಾರೆ" ಎಂದ.

ಶೆಡ್ಡಿನಲ್ಲಿ ಅವತ್ತು ನೀರು ಬಿಟ್ಟಿದ್ದರು. ನೆಲ ಒದ್ದೆಯಾಗಿತ್ತು, ಗಾಳಿ ತಿಳಿಯಾಗಿತ್ತು. ಗಾಡಿ ಒಳಗೆ ಬಂದಾಗ ಬ್ಲೇಡುಗಳು ಒಂದೊಂದಾಗಿ ನಿಂತವು. ಯಾರೂ ಹತ್ತಿರ ಬರಲಿಲ್ಲ. ನಾಲ್ಕು ತಿಂಗಳಿಂದ ಅವನನ್ನು ನೋಡದವರು ಈಗ ನೋಡಿದರು, ನೋಡಿ ಬೇರೆ ಕಡೆ ನೋಡಿದರು.

ಮೇಸ್ತ್ರಿ ತಿದಿಯಕ್ಕನನ್ನು ಪಕ್ಕಕ್ಕೆ ಕರೆದ. ಕೆಟ್ಟ ಮನುಷ್ಯನಲ್ಲ, ಅವನೂ ಹಿಂದೆ ಬ್ಲೇಡು ಹಿಡಿದವನೇ. ಮಾತಾಡುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾನೆ, ಅದು ಸರಿಯಾಗುವುದಿಲ್ಲ.

"ಯಾಕಮ್ಮಾ ಅವನನ್ನ ಕರ್ಕೊಂಡು ಬಂದೆ? ರಜೆಯಲ್ಲಿದ್ದಾನೆ ಅಂತ ತೋರಿಸಿದ್ದೀವಿ. ಅವನ ಹೆಸರಿಗೂ ಒಂದು ಊದಿಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಕೋಲು ಮುರಿಯಲ್ಲ ಸರಿ."

"ಮಾಲೀಕರ ಹತ್ತಿರ ಮಾತಾಡಿದ್ದೀನಿ. ಅವನ ಹೆಂಡತಿಗೆ ಇಲ್ಲೇ ಕೆಲಸ. ಅವನ ಜಾಗದಲ್ಲೇ, ಖಾಯಂ."

ತಿದಿಯಕ್ಕ ತಮ್ಮನ ಹೆಂಡತಿಯ ಮುಖ ನೆನೆದಳು. ಇಪ್ಪತ್ತೊಂಬತ್ತು ವರ್ಷ. ಹಿಂದಿನ ರಾತ್ರಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ನಿದ್ದೆ ಮಾಡಿದ್ದವಳು. ಬಾಯಿ ತೆರೆದಿತ್ತು. ಆ ಉಸಿರಿಗೆ ಸದ್ದೇ ಇರಲಿಲ್ಲ.

"ಅವಳ ಹೆಸರಿಗೆ ಯಾರು ಊದ್ತಾರೆ ಮೇಸ್ತ್ರಿ?" ಎಂದಳು. "ಆಮೇಲೆ?"

ಮೇಸ್ತ್ರಿ ಪಟ್ಟಿ ಕೈಗೆತ್ತಿಕೊಂಡ.

ಹೆಸರು ಕೂಗುವುದು ಶುರುವಾಯಿತು. ಪಟ್ಟಿಯ ಮೊದಲ ಹೆಸರೇ ಮೂಲೆಮಾವನದು. ರೂಢಿಯಂತೆ ಎಲ್ಲರೂ ತಿದಿಯಕ್ಕನ ಕಡೆ ತಿರುಗಿದರು. ಅವಳು ಗಾಡಿಯ ಹಿಡಿ ಹಿಡಿದುಕೊಂಡೇ ನಿಂತಿದ್ದಳು. ಮೇಸ್ತ್ರಿ ಮತ್ತೊಮ್ಮೆ ಕೂಗಿದ. ಅವಳು ಕೈ ತೆಗೆಯಲಿಲ್ಲ. ಅಡ್ಡಹಲಗೆಯ ಆಚೆಯಿಂದ ಯಂತ್ರದವನು, "ಬೇಗ ಕಳಿಸ್ರೀ, ಇನ್ನೂ ಎರಡು ಕಡೆ ಹೋಗಬೇಕು" ಎಂದ.

"ಅವರವರ ಉಸಿರು ಅವರವರೇ ಊದಲಿ" ಎಂದಳು ತಿದಿಯಕ್ಕ. "ನನ್ನದು ನಾನು ಊದ್ತೀನಿ. ಮೊದಲು ನನ್ನ ತಮ್ಮನದು ಆಗಲಿ. ಅವನಿಗೆ ಬಹಳ ಹೊತ್ತು ಕೂರೋಕೆ ಆಗಲ್ಲ."

"ಅವನ ಹೆಸರು ಹದಿನೆಂಟನೇದು" ಎಂದ ಮೇಸ್ತ್ರಿ.

"ಆಗಲಿ ಬಿಡು, ನನ್ನ ಸರದಿ ಅವನಿಗೆ ಕೊಟ್ಟಿದ್ದೀನಿ" ಎಂದ ಮೂಲೆಮಾವ. ಅವತ್ತು ಅವನು ಆಡಿದ ಮೊದಲ ಮಾತು. "ನನ್ನದು ಹೆಂಗೂ ಓಡಿಹೋಗಲ್ಲ. ಓಡೋ ತರ ಇಲ್ಲ."

ಯಾರೂ ನಗಲಿಲ್ಲ.

ತಿದಿಯಕ್ಕ ಗಾಡಿಯನ್ನು ಅಡ್ಡಹಲಗೆಯ ತನಕ ತಳ್ಳಿದಳು. ಮೇಸ್ತ್ರಿ ದಾರಿಯಲ್ಲಿ ನಿಂತಿದ್ದ. ಅವಳು ನಿಲ್ಲಿಸಲಿಲ್ಲ. ಗಾಡಿಯ ಮುಂದಿನ ಪಟ್ಟಿ ಅವನ ಮೊಣಕಾಲಿಗೆ ತಾಗಿತು. ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಅವನು ಸರಿದ.

ಯಂತ್ರದವನು ಮೊದಲ ಸಲ ಎದ್ದು ನಿಂತು ಈಚೆ ನೋಡಿದ. ನಾಲ್ಕು ವರ್ಷದಿಂದ ಬರುತ್ತಿದ್ದವನು. ಕೊಳವೆ ಹಿಡಿದ ಕೈ ಅರ್ಧದಲ್ಲೇ ನಿಂತಿತು.

"ಇವರಿಗೆ ಆಗುತ್ತಾ?" ಎಂದ.

"ನೋಡೋಣ" ಎಂದ ತಮ್ಮ.

ಮೂರು ಸಲ ಊದಬೇಕು, ಅದು ನಿಯಮ. ಮೂರರಲ್ಲಿ ಚೆನ್ನಾಗಿರುವುದನ್ನು ಬರೆದುಕೊಳ್ಳುತ್ತಾರೆ. ಮೊದಲ ಸಲ ಕೊಳವೆ ತುಟಿಗೆ ತಾಗುತ್ತಲೇ ಕೆಮ್ಮು ಬಂತು. ಮೂಲೆಮಾವ ಬಂದು ಹಿಂದಿನಿಂದ ಅವನ ಎರಡು ಹೆಗಲು ಹಿಡಿದ. ತಿದಿಯಕ್ಕ ಮುಂದೆ ನೆಲದ ಮೇಲೆ ಕೂತಳು. ಉಸಿರು ಎಳೆದುಕೊಳ್ಳುವುದು, ಹಿಡಿಯುವುದು, ಬಿಡುವುದು, ಅವನಿಗೆ ಮೊದಲ ಬಾರಿ ಹೇಳಿಕೊಟ್ಟಳು. ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ಕೆಲಸಕ್ಕೆ ಸೇರಿದವನು, ಈ ಶೆಡ್ಡಿನಲ್ಲಿ ಒಂದು ಸಲವೂ ಊದಿರಲಿಲ್ಲ. ಯಾವಾಗಲೂ ಅವಳೇ.

"ಎಳ್ಕೋ. ಇನ್ನೂ. ಈಗ ಬಿಡು."

ಅವನು ಬಿಟ್ಟ. ಕುದಿಯುವ ಪಾತ್ರೆಯ ಮುಚ್ಚಳ ಸರಿದಂತೆ ಸಣ್ಣ ಸದ್ದು. ಕಣ್ಣು ಹೊರಗೆ ಬಂದವು, ಕತ್ತು ಬಿಗಿಯಿತು. ಅವಳ ಎದೆ ತನ್ನಷ್ಟಕ್ಕೆ ತಾನೇ ತುಂಬಿಕೊಂಡಿತು, ತುಟಿ ಮುಂದೆ ಬಂತು. ಕೈ ಚಾಚಿ ಕೊಳವೆ ಕಿತ್ತುಕೊಂಡು ತಾನೇ ಊದಿಬಿಡಬಹುದಿತ್ತು. ಮುಗಿದುಹೋಗುತ್ತಿತ್ತು. ಅವಳು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

ಎರಡನೇ ಸಲ. ಮೂರನೇ ಸಲ. ಮುಗಿದಾಗ ತಮ್ಮ ಮೂಲೆಮಾವನ ಹೊಟ್ಟೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದ. ತುಟಿ ನೀಲಿಯಾಗಿತ್ತು.

ಯಂತ್ರದವನು ಪರದೆ ನೋಡಿದ. ಮೇಸ್ತ್ರಿಯನ್ನು ನೋಡಿದ.

"ಸರಿಯಾಗಿ ಬಂದಿಲ್ಲ ಅಂತ ಹಾಕ್ಬಿಡಿ. ರಜೆ ಮುಗಿದ ಮೇಲೆ ಇನ್ನೊಂದ್ಸಲ ಮಾಡೋಣ" ಎಂದ ಮೇಸ್ತ್ರಿ. ಗಂಟಲು ಸರಿ ಮಾಡಿಕೊಂಡ. ಮತ್ತೂ ಒಮ್ಮೆ ಸರಿ ಮಾಡಿಕೊಂಡ.

"ಮೂರು ಸಲ ಊದಿದ್ದಾನೆ. ನೀನು ಎಣಿಸಿದ್ದೀಯ" ಎಂದಳು ತಿದಿಯಕ್ಕ ಯಂತ್ರದವನಿಗೆ. "ನಾನು ಹೆಂಗಸು ಅಂತ ನಿಂಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಏನೂ ಕೇಳಲಿಲ್ಲ. ಇವತ್ತೂ ಏನೂ ಕೇಳಬೇಡ. ಬಂದಿದ್ದನ್ನ ಬರಿ. ಬರೆದು ಗಟ್ಟಿಯಾಗಿ ಓದು."

ಯಂತ್ರದವನು ಕೂತ. ಬೆರಳು ಒತ್ತುವ ಸದ್ದು ಕೇಳಿತು. ತಮ್ಮನ ಹೆಸರು ಓದಿದ, ವಯಸ್ಸು ಓದಿದ. ಆಮೇಲೆ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ಅಂಕಿ ಓದಿದ.

ಸೊನ್ನೆ ದಶಾಂಶ ಒಂಬತ್ತು ನಾಲ್ಕು ಲೀಟರ್.